ಕೊಪ್ಪಳದಿಂದ ದಿಲ್ಲಿಗೆ ಎರಡು ದಾರಿ: ಸಣ್ಣ ಮಕ್ಕಳಿದ್ದರೆ ಯಾವುದು, ಎಲ್ಲೆಲ್ಲಿ ಮುಕ್ಕಾಂ?

ದೂರದ ಊರಿಗೆ ಕಾರು ತೆಗೆಯುವಾಗ ನಮ್ಮ ಮನೆಯವರು ಕೇಳುವ ಮೊದಲ ಪ್ರಶ್ನೆ "ರೋಡ್ ಹೆಂಗೈತಂತ?" ನಾನು ಕೇಳುವುದು "ಎಲ್ಲೆಲ್ಲಿ ನಿಂದ್ರೋದು?" ಕಳೆದ ದಸರಾ ರಜೆಯಲ್ಲಿ ಕೊಪ್ಪಳದಿಂದ ದಿಲ್ಲಿಗೆ, ನನ್ನ ತಂಗಿಯ ಮನೆಗೆ, ಕಾರಿನಲ್ಲೇ ಹೋಗಿಬಂದೆವು. ಯುಕೆಜಿ ಓದುವ ಮಗಳು, ಎರಡೂವರೆ ವರ್ಷದ ಮಗ, ಮಂಡಿನೋವಿನ ಅತ್ತೆ, ನಾವಿಬ್ಬರು. ಹೋಗುವಾಗ ಏಳು ದಿನ ಒಂದು ದಾರಿ, ಬರುವಾಗ ಆರು ದಿನ ಇನ್ನೊಂದು ದಾರಿ. ವಾಪಸ್ ಬಂದಾಗಿನಿಂದ ಓಣಿಯವರು, ಶಾಲೆಯ ಗೇಟಿನಲ್ಲಿ ಸಿಗುವ ತಾಯಂದಿರು ಕೇಳುತ್ತಲೇ ಇದ್ದಾರೆ, ಯಾವ ದಾರಿ ಚಲೋ ಅಂತ. ಎಲ್ಲರಿಗೂ ಅರ್ಧರ್ಧ ಹೇಳುವ ಬದಲು ಪೂರ್ತಿ ಬರೆದಿಡುತ್ತಿದ್ದೇನೆ.

ಪಶ್ಚಿಮದ ದಾರಿ ಹೀಗೆ: ಕುಷ್ಟಗಿ, ಇಳಕಲ್, ವಿಜಯಪುರ, ಸೊಲ್ಲಾಪುರ, ಬೀಡ, ಔರಂಗಾಬಾದ್ (ಈಗ ಛತ್ರಪತಿ ಸಂಭಾಜಿನಗರ, ನಮ್ಮ ಬಾಯಿಗೆ ಹಳೆಯ ಹೆಸರೇ ಬರುತ್ತದೆ), ಧುಳೆ, ಇಂದೋರ್, ಕೋಟಾ, ಜೈಪುರ, ದಿಲ್ಲಿ. ಅಂಕೋಲಾದಿಂದ ಹೊರಟು ಹುಬ್ಬಳ್ಳಿ, ವಿಜಯಪುರ ದಾಟಿ ಪಂಜಾಬಿನ ಸಂಗ್ರೂರಿನವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ಇದೆಯಲ್ಲ, ವಿಜಯಪುರದಲ್ಲಿ ಅದನ್ನು ಹಿಡಿದರೆ ಜೈಪುರದ ತನಕ ಅದೇ ನಂಬರು. ಪೂರ್ವದ ದಾರಿ: ಗಂಗಾವತಿ, ಸಿಂಧನೂರು, ರಾಯಚೂರು, ಮಹಬೂಬ್‌ನಗರ, ಹೈದರಾಬಾದ್, ನಾಗಪುರ, ಸಾಗರ್, ಝಾನ್ಸಿ, ಗ್ವಾಲಿಯರ್, ಆಗ್ರಾ, ದಿಲ್ಲಿ. ಮಹಬೂಬ್‌ನಗರ ದಾಟಿ ಜಡ್ಚರ್ಲಾದಲ್ಲಿ ಹೆದ್ದಾರಿ 44 ಸಿಗುತ್ತದೆ. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗುವ ರಸ್ತೆ ಅದು. ಬಳ್ಳಾರಿಯವರಾದರೆ ಗುಂತಕಲ್ ಮೇಲೆ ಗುತ್ತಿಗೆ ಹೋಗಿ ಅಲ್ಲೇ 44 ಹತ್ತಬಹುದು. ರಾಯಚೂರಿನವರಿಗಂತೂ ಪೂರ್ವದ ದಾರಿ ಬಾಗಿಲ ಮುಂದೆಯೇ ಇದೆ.

ಕಿಲೋಮೀಟರ್ ಲೆಕ್ಕ ಹಾಕಿದರೆ ಎರಡೂ ಸುಮಾರು 1900. ಅಲ್ಲಿಗೆ ದೂರದ ಮಾತು ಮುಗಿಯಿತು. ಗಾಡಿ ಓಡಿಸುವವರಿಗೆ ಪೂರ್ವದ ದಾರಿ ಸುಖ, ಇದರಲ್ಲಿ ಎರಡು ಮಾತಿಲ್ಲ. ಹಿಂದಿನ ಸೀಟಿನವರಿಗೆ ಪಶ್ಚಿಮದ್ದು. ಒಂದೇ ದಾರಿ ಆರಿಸು ಅಂದರೆ ನಾನು ಪಶ್ಚಿಮವನ್ನೇ ಹೇಳುತ್ತೇನೆ. ಎರಡು ತಾಸಿಗೊಮ್ಮೆ ಮಕ್ಕಳನ್ನು ಇಳಿಸಿ ಓಡಾಡಿಸುವಂಥ ಜಾಗ ಆ ದಾರಿಯಲ್ಲಿ ತಾನಾಗಿ ಸಿಗುತ್ತದೆ; ಪೂರ್ವದಲ್ಲಿ ಹುಡುಕಬೇಕು.

ರೈಲಿಗೆ ಹೋಗಬಹುದಿತ್ತಲ್ಲ ಅನ್ನುವವರಿಗೆ: ಖಂಡಿತ ಹೋಗಬಹುದು. ಕರ್ನಾಟಕ ಎಕ್ಸ್‌ಪ್ರೆಸ್ ಗುಂತಕಲ್, ರಾಯಚೂರು ಮೇಲೆಯೇ ದಿಲ್ಲಿಗೆ ಹೋಗುತ್ತದೆ. ಒಂದು ವರ್ಷದೊಳಗಿನ ಕೂಸಿದ್ದರೆ ನಾನೂ ರೈಲನ್ನೇ ಹತ್ತುತ್ತಿದ್ದೆ.

ದಿನಕ್ಕೆ ಎಷ್ಟು ದೂರ?

ನಮ್ಮ ಮನೆಯವರ ಮೊದಲ ಲೆಕ್ಕ ದಿನಕ್ಕೆ ಐದುನೂರು ಕಿಲೋಮೀಟರ್, ನಾಲ್ಕು ದಿನಕ್ಕೆ ದಿಲ್ಲಿ. ಗೆಳೆಯರೆಲ್ಲ ಹಾಗೇ ಹೋಗುತ್ತಾರಂತೆ. ಗೆಳೆಯರ ಗಾಡಿಯಲ್ಲಿ ಮೂರು ಸಲ ಚಡ್ಡಿ ಬದಲಿಸುವ ಕೂಸು ಇರುವುದಿಲ್ಲ ಅಂದೆ. ಜಗ್ಗಾಡಿ ಕೊನೆಗೆ 350ಕ್ಕೆ ಬಂದು ನಿಂತೆವು, ಅದೂ ಮೇಲಿನ ಮಿತಿ. ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋದರೂ ಹಾಲು, ಒಂದಕ್ಕೆ, ಎರಡಕ್ಕೆ, ಅಳು, ಊಟ ಎಲ್ಲ ಸೇರಿ ಸರಾಸರಿ ತಾಸಿಗೆ ನಲವತ್ತರ ಮೇಲೆ ಏರಲಿಲ್ಲ. 350 ಅಂದರೆ ಎಂಟೊಂಬತ್ತು ತಾಸು. ಅದನ್ನು ಮೀರಿದ ದಿನ ಒಂದೇ, ಅದರ ಕಥೆ ಮುಂದೆ ಬರುತ್ತದೆ.

ರಾತ್ರಿ ಓಡಿಸಿದರೆ ಮಕ್ಕಳು ಮಲಗಿರುತ್ತಾರೆ ಅನ್ನುವ ಸಲಹೆ ಬಹಳ ಜನ ಕೊಟ್ಟರು. ಮಕ್ಕಳು ಮಲಗುತ್ತಾರೆ, ನಿಜ. ಬೆಳಿಗ್ಗೆ ಓಡಿಸಿದವರು ಮಲಗುವ ಹೊತ್ತಿಗೆ ಅವರು ಎದ್ದು ಕುಣಿಯುತ್ತಾರೆ. ಅಲ್ಲದೆ ವಿಜಯಪುರದಿಂದ ಬೀಡದವರೆಗೆ ಕಬ್ಬಿನ ಸೀಮೆ. ಕಾರ್ಖಾನೆ ಶುರುವಾದ ಮೇಲೆ ಹಿಂದೆ ದೀಪವೂ ಇಲ್ಲದ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಕತ್ತಲಲ್ಲಿ ಎದುರಿಗೆ ಬಂದು ನಿಂತಿರುತ್ತವೆ. ಬೇಡವೇ ಬೇಡ.

ನಾವು ಕಂಡುಕೊಂಡದ್ದು ನಸುಕಿನ ಐದರ ಹೊರಡುವಿಕೆ. ರಾತ್ರಿಯೇ ಬಟ್ಟೆ ಬದಲಿಸಿ ಮಲಗಿಸಿ, ಹಾಗೇ ಎತ್ತಿ ಸೀಟಿಗೆ ಹಾಕುವುದು. ಏಳಕ್ಕೆ ಕಣ್ಣು ಬಿಡುವ ಹೊತ್ತಿಗೆ ನೂರು ಕಿಲೋಮೀಟರ್ ಸರಿದಿರುತ್ತದೆ. ಮಧ್ಯಾಹ್ನ ಮೂರು, ಹೆಚ್ಚೆಂದರೆ ನಾಲ್ಕಕ್ಕೆ ಮುಕ್ಕಾಂ. ಸಂಜೆ ಪೂರ್ತಿ ಮಕ್ಕಳದ್ದು.

ಸೀಟಿನ ಮಾತು ಬಂತು. ಮಗನನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಿಡಲಾಗದಂತೆ ಬೆಳೆದಿದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡ ಒತ್ತಟ್ಟಿಗಿರಲಿ, ಬ್ರೇಕ್ ಹೊಡೆದಾಗ ತೊಡೆಯ ಮೇಲಿನ ಕೂಸನ್ನು ಹಿಡಿದಿಡುವ ಶಕ್ತಿ ಯಾವ ತಾಯಿಯ ಕೈಗೂ ಇಲ್ಲ. ಹೊರಡುವ ಒಂದು ತಿಂಗಳ ಮುಂಚೆಯೇ ಸೀಟು ತಂದು ಗವಿಮಠಕ್ಕೆ, ಸಂತೆಗೆ ಹೋಗುವಾಗೆಲ್ಲ ಅದರಲ್ಲೇ ಕೂರಿಸಿ ರೂಢಿ ಮಾಡಿದೆ. ಮೊದಲ ವಾರ ಓಣಿಗೆಲ್ಲ ಕೇಳುವಂತೆ ಅತ್ತ. ಆಮೇಲೆ ಅದು "ನಂದು" ಆಯಿತು.

ಪಶ್ಚಿಮದ ದಾರಿ

ಮೊದಲ ನಿಲುಗಡೆಗೆ ನಮ್ಮ ಮುಂದೆ ಎರಡು ಆಯ್ಕೆ ಇತ್ತು: ಕೂಡಲಸಂಗಮ ಅಥವಾ ಆಲಮಟ್ಟಿ. ಎರಡೂ ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ನಸುಕಿಗೆ ಹೊರಟವರಿಗೆ ಕೂಡಲಸಂಗಮ ಸರಿ. ಬೆಳಗಿನ ಹೊತ್ತು ಗುಡಿ ತೆರೆದಿರುತ್ತದೆ, ಅಂಗಳ ವಿಶಾಲ, ಕೃಷ್ಣಾ ಮಲಪ್ರಭಾ ಕೂಡುವ ನೀರು ಕಣ್ಣೆದುರಿಗೆ, ಬುತ್ತಿ ಬಿಚ್ಚಲು ನೆರಳು. ಆಲಮಟ್ಟಿಯ ಉದ್ಯಾನ, ಸಂಗೀತ ಕಾರಂಜಿ ಇವೆಲ್ಲ ಸಂಜೆಯ ಸೊಗಸು. ಮಧ್ಯಾಹ್ನ ಹೊರಡುವವರು ಅಲ್ಲೇ ಮೊದಲ ರಾತ್ರಿ ಕಳೆದರೂ ನಡೆಯುತ್ತದೆ.

ವಿಜಯಪುರದಲ್ಲಿ ಗೋಳಗುಮ್ಮಟ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಆದರೆ ಪಿಸುಗುಟ್ಟುವ ಗ್ಯಾಲರಿಗೆ ಹೋಗಬೇಕೆಂದರೆ ಏಳಂತಸ್ತಿನ ಗೋಪುರದೊಳಗಿನ ಕಡಿದಾದ, ಇಕ್ಕಟ್ಟಾದ ಮೆಟ್ಟಿಲು ಹತ್ತಬೇಕು. ಕೂಸನ್ನು ಎತ್ತಿಕೊಂಡು ಅದು ಆಗದ ಮಾತು. ನಾವು ಪಾಲು ಹಂಚಿಕೊಂಡೆವು: ಅಪ್ಪ ಮಗಳು ಮೇಲೆ, ನಾನು, ಮಗ, ಅತ್ತೆ ಕೆಳಗೆ ಹುಲ್ಲಿನ ಮೇಲೆ. 1656ರಲ್ಲಿ ಮುಗಿದ ಆ ಗುಮ್ಮಟ ಇಂಥ ಎಷ್ಟು ಸಾವಿರ ಮಕ್ಕಳ ಕೂಗು ಕೇಳಿದೆಯೋ. ನಮ್ಮವಳು ಮೇಲಿನಿಂದ ತನ್ನ ಹೆಸರು ತಾನೇ ಕೂಗಿಕೊಂಡು ಬಂದಳು, ಸೊಲ್ಲಾಪುರದವರೆಗೆ ಕಾರಿನಲ್ಲೂ ಅದೇ ಪ್ರಯೋಗ.

ಝಳಕಿ ದಾಟಿ ಭೀಮಾ ಹೊಳೆ ದಾಟಿದರೆ ಮಹಾರಾಷ್ಟ್ರ. ಸೊಲ್ಲಾಪುರ ಮೊದಲ ಮುಕ್ಕಾಂ, ಒಟ್ಟು 265 ಕಿಲೋಮೀಟರ್ ಆಸುಪಾಸು. ಮೊದಲ ದಿನ ಕಡಿಮೆ ಇಟ್ಟುಕೊಂಡದ್ದು ಬೇಕಂತಲೇ. ವಚನಕಾರ ಸಿದ್ಧರಾಮನ ಊರಾದ್ದರಿಂದ ಅತ್ತೆಗೆ ಸಮಾಧಾನ, ಅಂಗಡಿಯಲ್ಲಿ ಕನ್ನಡ ನಡೆಯುವುದರಿಂದ ನನಗೆ ಸಮಾಧಾನ. ಕೆರೆಯ ನಡುವಿನ ಸಿದ್ಧೇಶ್ವರ ಗುಡಿ, ಪಕ್ಕದ ಕೋಟೆ, ಸಂಜೆಗೆ ಇಷ್ಟು ಸಾಕು. ಒಂದು ಸೊಲ್ಲಾಪುರಿ ಚಾದರ ಕೊಂಡೆ. ಅದು ಮರುದಿನವೇ ಉಪಯೋಗಕ್ಕೆ ಬಂತು, ನಾನು ನೆನೆಸದ ರೀತಿಯಲ್ಲಿ.

ಸೊಲ್ಲಾಪುರದಿಂದ ಔರಂಗಾಬಾದಿಗೆ 310 ಕಿಲೋಮೀಟರ್. ಈ ದಾರಿಯಲ್ಲಿ ತುಳಜಾಪುರದಲ್ಲಿ ನಿಲ್ಲಬೇಕೆಂದು ಮೊದಲೇ ಗುರುತು ಹಾಕಿದ್ದೆವು. ನವರಾತ್ರಿ ಅನ್ನುವುದನ್ನು ಮರೆತಿದ್ದೆವು. ಅಂಬಾಭವಾನಿಗೆ ನಮ್ಮ ಕಡೆಯಿಂದಲೇ ಸಾವಿರಾರು ಜನ ನಡೆದು ಹೋಗುತ್ತಾರೆ, ಸೀಗಿ ಹುಣ್ಣಿಮೆಯ ತನಕ ಆ ರಸ್ತೆಯೆಲ್ಲ ಬರಿಗಾಲಿನವರದ್ದೇ. ಕಾರು ನಿಲ್ಲಿಸಲು ಜಾಗವಿಲ್ಲ, ಕೂಸನ್ನು ಇಳಿಸಲು ಧೈರ್ಯವಿಲ್ಲ. ಹೆದ್ದಾರಿಯಿಂದಲೇ ಕೈ ಮುಗಿದು ಮುಂದೆ ಹೋದೆವು. ಅತ್ತೆ ಬೀಡದವರೆಗೆ ಮಾತಾಡಲಿಲ್ಲ. ದಸರಾ ಹೊತ್ತಿಗೆ ಹೋಗುವವರು ಇದನ್ನು ನೆನಪಿಡಿ. ಬೇರೆ ದಿನಗಳಲ್ಲಿ, ಮಂಗಳವಾರ ಶುಕ್ರವಾರ ಬಿಟ್ಟು, ಅದು ಒಳ್ಳೆಯ ನಿಲುಗಡೆಯೇ.

ತುಳಜಾಪುರ ತಪ್ಪಿದ್ದರಿಂದ ಮೂರು ತಾಸು ನಿಲುಗಡೆಯಿಲ್ಲದಾಯಿತು. ಧಾರಾಶಿವ ದಾಟಿದ ಮೇಲೆ ಮಗಳು ಸಣ್ಣಗೆ ಶುರು ಮಾಡಿದಳು. "ಯವ್ವಾ, ಒಂದಕ್ಕ." ಪೆಟ್ರೋಲ್ ಬಂಕ್ ಕಂಡಿತು, ತಿರುಗಿಸಿದೆವು. ಶೌಚಾಲಯಕ್ಕೆ ಬೀಗ. ಕೀಲಿ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಊಟಕ್ಕೆ ಹೋಗಿದ್ದಾನೆ, ಊಟ ಮನೆಯಲ್ಲಿ, ಮನೆ ಊರೊಳಗೆ. ಬಂಕ್‌ನಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಪುಕ್ಕಟೆ ಕೊಡಬೇಕೆಂಬ ನಿಯಮವಿದೆ, ಅದನ್ನು ಮರಾಠಿಯಲ್ಲಿ ಹೇಳಲು ನನಗೆ ಬರಲಿಲ್ಲ, ಮಗಳಿಗೆ ಅಷ್ಟು ಪುರಸೊತ್ತೂ ಇರಲಿಲ್ಲ. ಒಂದು ಫರ್ಲಾಂಗ್ ಮುಂದೆ ತೊಗರಿ ಹೊಲದ ಬದುವಿನಲ್ಲಿ ಕಾರು ನಿಲ್ಲಿಸಿ, ಬಾಗಿಲೆರಡೂ ತೆರೆದು, ನಡುವೆ ಆ ಹೊಸ ಚಾದರ ಹಿಡಿದು ನಿಂತೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮಾತು ಬಿಟ್ಟಿದ್ದ ಅತ್ತೆಯ ಕೈಯಲ್ಲಿ. ಆವತ್ತಿನಿಂದ ಚಾದರ ಡಿಕ್ಕಿ ಬಿಟ್ಟು ಸೀಟಿನ ಕೆಳಗೆ ಬಂತು, ಜೊತೆಗೆ ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿ.

ಔರಂಗಾಬಾದಿನಲ್ಲಿ ಎರಡು ರಾತ್ರಿ ಇರಿ. ಮೂರನೆಯ ದಿನ ಗಾಡಿ ಬಂದ್. ದೊಡ್ಡವರಿಗೆ ಇದು ದಿನ ಹಾಳು ಅನ್ನಿಸಬಹುದು. ಮಕ್ಕಳಿಗೆ ಎರಡು ದಿನ ಕೂತ ಮೇಲೆ ಮೂರನೆಯ ದಿನವೂ ಕೂರಿಸಿದರೆ ನಾಲ್ಕನೆಯ ದಿನ ಜ್ವರ. ಎಲ್ಲೋರ ಮೂವತ್ತು ಕಿಲೋಮೀಟರ್. ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ ರಜೆ, ಮುಕ್ಕಾಂ ಹಾಕುವ ಮುಂಚೆ ವಾರ ನೋಡಿ. ಎರಡರಲ್ಲಿ ಒಂದು ಅಂದರೆ ಸಣ್ಣ ಮಕ್ಕಳಿಗೆ ಎಲ್ಲೋರವೇ ಸೈ. ಅಜಂತಾ ದೂರ, ಮೆಟ್ಟಿಲು ಜಾಸ್ತಿ, ಒಳಗೆ ಕತ್ತಲಲ್ಲಿ ಚಿತ್ರ ನೋಡುವ ತಾಳ್ಮೆ ಐದು ವರ್ಷದವಳಿಗೆ ಎಲ್ಲಿಂದ ಬರಬೇಕು? ಎಲ್ಲೋರದಲ್ಲಿ 16ನೆಯ ಗುಹೆ, ಕೈಲಾಸ, ಒಂದೇ ನೋಡಿದರೂ ಸಾಕು. ಇಡೀ ಗುಡಿಯನ್ನು ಹೊತ್ತುಕೊಂಡಂತೆ ಸುತ್ತ ಆನೆಗಳ ಸಾಲು. ಮಗ ಒಂದೊಂದರ ಮುಂದೂ ನಿಂತು "ಆನಿ" ಅಂದ, ಹನ್ನೊಂದರ ತನಕ ನಾನೂ ಎಣಿಸಿದೆ. ಇದನ್ನು ಕೆತ್ತಿಸಿದ್ದು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಎಂಟನೆಯ ಶತಮಾನದಲ್ಲಿ. ಆ ಮನೆತನ ಆಮೇಲೆ ಆಳಿದ್ದು ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಅಂತ ಹೇಳಿದ್ದಕ್ಕೆ ಅತ್ತೆ, "ಅದಕ್ಕ ಇಷ್ಟ ಗಟ್ಟಿ ಐತಿ" ಅಂದರು.

ನಾಲ್ಕನೆಯ ದಿನದ ದಾರಿಯಲ್ಲಿ ಒಂದು ಊರು ಬರುತ್ತದೆ, ಹೆಸರು ಕನ್ನಡ. ಹೌದು, ಊರಿನ ಹೆಸರೇ ಕನ್ನಡ. ಬೋರ್ಡು ಓದಿ ಹೇಳಿದ್ದಕ್ಕೆ ಮಗಳು ನಂಬಲಿಲ್ಲ. ಅದನ್ನು ದಾಟಿದರೆ ಚಾಳೀಸಗಾಂವ್ ಕಡೆಗೆ ಇಳಿಯುವ ಘಾಟು. ಪಶ್ಚಿಮದ ದಾರಿಯ ಕೆಟ್ಟ ತುಣುಕು ಇದೇ. ಹೊರಡುವಾಗ ಮಗ ಲೋಟ ತುಂಬ ಹಾಲು ಕುಡಿದಿದ್ದ, ಮಗಳು ಅಪ್ಪನ ಮೊಬೈಲ್ ಹಿಡಿದು ತಲೆ ಬಗ್ಗಿಸಿ ಕೂತಿದ್ದಳು. ಹಾಲು ಕುಡಿದವನಿಗೆ ಏನೂ ಆಗಲಿಲ್ಲ, ಮೊಬೈಲ್ ಹಿಡಿದವಳು ಮೂರನೆಯ ತಿರುವಿಗೆ ವಾಂತಿ ಮಾಡಿಕೊಂಡಳು. ಆಮೇಲೆ ಡಾಕ್ಟರ್ ಹತ್ತಿರ ಕೇಳಿದೆ: ಎರಡು ವರ್ಷದ ಆಸುಪಾಸಿನವರೆಗೆ ಈ ತೊಂದರೆ ಕಡಿಮೆ, ಅಲ್ಲಿಂದ ಹನ್ನೆರಡರವರೆಗೆ ಜಾಸ್ತಿ. ಕಣ್ಣು ನಿಂತ ಪರದೆಯನ್ನು ನೋಡುತ್ತಿರುತ್ತದೆ, ಒಳಕಿವಿ ಗಾಡಿ ತಿರುಗುವುದನ್ನು ಹೇಳುತ್ತಿರುತ್ತದೆ, ಎರಡರ ಸಾಕ್ಷಿ ಹೊಂದದೆ ಹೊಟ್ಟೆ ಕೆಡುತ್ತದೆ. ಘಾಟಿನಲ್ಲಿ ಮೊಬೈಲ್ ಇಲ್ಲ, ಪುಸ್ತಕ ಇಲ್ಲ, ಕಿಟಕಿ ಅರ್ಧ ಕೆಳಗೆ, ದೂರದ ಗುಡ್ಡ ನೋಡಿಸುವುದು. ಔಷಧಿ ಬೇಕಾದರೆ ಹೊರಡುವ ಮುಂಚೆ ನಿಮ್ಮ ಮಕ್ಕಳ ಡಾಕ್ಟರಿಂದಲೇ ಅಳತೆ ಬರೆಸಿಕೊಳ್ಳಿ, ದಾರಿಯ ಮೆಡಿಕಲ್ ಅಂಗಡಿಯ ಊಹೆ ಬೇಡ.

ಧುಳೆ, ಶಿರಪುರ, ಸೆಂಧ್ವಾ ಆದ ಮೇಲೆ ಖಲಘಾಟಿನಲ್ಲಿ ನರ್ಮದೆ. ಇಲ್ಲಿ ಎಲ್ಲರೂ ಇಂದೋರಿಗೆ ಹೋಗಿ ಉಳಿಯುತ್ತಾರೆ. ನಾವು ಧಾಮ್‌ನೋದಿನಲ್ಲಿ ಬಲಕ್ಕೆ ತಿರುಗಿ ಹದಿಮೂರು ಕಿಲೋಮೀಟರ್ ಒಳಗೆ ಮಹೇಶ್ವರಕ್ಕೆ ಹೋದೆವು, ಇಡೀ ಪ್ರವಾಸದಲ್ಲಿ ಮಾಡಿದ ಜಾಣತನದ ಕೆಲಸ ಅದು. ಅಹಲ್ಯಾಬಾಯಿ ಹೋಳ್ಕರ್ ರಾಜಧಾನಿ. ಕೋಟೆಯ ಕೆಳಗೆ ಉದ್ದಕ್ಕೆ ಕಲ್ಲಿನ ಘಾಟ್, ದೋಣಿ, ಗಾಡಿಗಳ ಸದ್ದಿಲ್ಲ. ಇಂದೋರಿನಲ್ಲಿ ಸಂಜೆ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುವ ಎರಡು ತಾಸು ಇಲ್ಲಿ ಮಕ್ಕಳು ಮೆಟ್ಟಿಲ ಮೇಲೆ ಕಳೆದರು. ಕೈ ಮಾತ್ರ ಬಿಡಬೇಡಿ, ಮೆಟ್ಟಿಲು ನೇರ ನೀರಿಗೇ ಇಳಿಯುತ್ತವೆ. ಮಧ್ಯಪ್ರದೇಶ ಪ್ರವಾಸೋದ್ಯಮದವರ ವಸತಿಗೃಹ ನದಿಯ ದಂಡೆಯಲ್ಲೇ ಇದೆ. ಇಂದೋರನ್ನು ಮರುದಿನ ಬೆಳಗಿನ ತಿಂಡಿಗೆ ಇಟ್ಟುಕೊಂಡೆವು. ಪೋಹೆ ಜಿಲೇಬಿ. ಅವಲಕ್ಕಿ ಒಗ್ಗರಣೆಗೆ ಸಕ್ಕರೆ ಹಾಕುತ್ತಾರೆಂದು ಅತ್ತೆ ಮೂಗು ಮುರಿದರು, ಮಕ್ಕಳು ತಟ್ಟೆ ನೆಕ್ಕಿದರು. 2017ರಿಂದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ವರ್ಷ ವರ್ಷ ಮೊದಲು ಬಂದ ಊರು ಅದು, ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ ಅದರ ಅರ್ಥ ಸಾರ್ವಜನಿಕ ಶೌಚಾಲಯದ ಬಾಗಿಲು ತೆರೆದಾಗ ಗೊತ್ತಾಗುತ್ತದೆ.

ಆ ದಿನವೇ ನಾವು ಮಿತಿ ಮೀರಿದ್ದು. ಮಹೇಶ್ವರದಿಂದ ಇಂದೋರ್, ದೇವಾಸ್, ಬ್ಯಾವರಾ ಮೇಲೆ ಝಾಲಾವಾಡಕ್ಕೆ ಹೋಗುವುದು ನಮ್ಮ 350ಕ್ಕಿಂತ ಹೆಚ್ಚೇ ಆಯಿತು. ಕೊನೆಯ ಒಂದೂವರೆ ತಾಸು ಇಬ್ಬರೂ ಅತ್ತರು. ಈಗ ಹೋದರೆ ಬ್ಯಾವರಾದಲ್ಲೇ ನಿಲ್ಲಿಸುತ್ತೇನೆ, ನೋಡಲು ಏನೂ ಇಲ್ಲದಿದ್ದರೂ ಸರಿ. ಕೋಟಾದಲ್ಲಿ ಕಿಶೋರ್ ಸಾಗರ ಕೆರೆಯ ದಂಡೆಗೆ ಏಳು ಅದ್ಭುತಗಳ ಪಾರ್ಕಿದೆ: ಪಿರಮಿಡ್ಡು, ಐಫೆಲ್ ಗೋಪುರ, ತಾಜ್ ಎಲ್ಲದರ ನಕಲು. ದೊಡ್ಡವರಿಗೆ ನಗು, ಮಕ್ಕಳಿಗೆ ಹಬ್ಬ. ಅಲ್ಲಿಂದ ಜೈಪುರ 250, ಮರುದಿನ ದಿಲ್ಲಿ 270, ಈ ಎರಡು ದಿನದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ರಸ್ತೆ ದೊಡ್ಡದು, ಹೋಟೆಲು ಬೇಕಾದಷ್ಟು.

ಪೂರ್ವದ ದಾರಿ, ಬರುವಾಗ

ದಿಲ್ಲಿಯಿಂದ ಯಮುನಾ ಎಕ್ಸ್‌ಪ್ರೆಸ್‌ವೇ ಹಿಡಿದು ಆಗ್ರಾ. ಶುಕ್ರವಾರ ತಾಜ್ ಮುಚ್ಚಿರುತ್ತದೆ, ನಾವು ಹೊರಟದ್ದು ಶುಕ್ರವಾರವೇ. ಕೋಟಾದಲ್ಲಿ ನೋಡಿದ್ದೀವಲ್ಲ ಅಂತ ಮಗಳೇ ಸಮಾಧಾನ ಹೇಳಿದಳು. ಗ್ವಾಲಿಯರ್ ಮುಕ್ಕಾಂ. ಅಲ್ಲಿನ ಕೋಟೆಗೆ ಉರ್ವಾಯಿ ಬಾಗಿಲಿನಿಂದ ಕಾರೇ ಮೇಲೆ ಹೋಗುತ್ತದೆ. ಮಂಡಿನೋವಿನವರು, ಸಣ್ಣ ಮಕ್ಕಳು ಇಬ್ಬರಿಗೂ ಇದಕ್ಕಿಂತ ಅನುಕೂಲದ ಕೋಟೆ ಈ ಎರಡೂ ದಾರಿಯಲ್ಲಿ ಸಿಗಲಿಲ್ಲ. ಮೇಲೆ ಸಾಸ್ ಬಹೂ ಗುಡಿಗಳಿವೆ, ಅಂದರೆ ಅತ್ತೆ ಸೊಸೆ ಗುಡಿ. ದೊಡ್ಡದು ಅತ್ತೆಯದ್ದು, ಸಣ್ಣದು ಸೊಸೆಯದ್ದು ಅಂತ ಗೈಡ್ ಹೇಳಿದ. ನಮ್ಮ ಅತ್ತೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಝಾನ್ಸಿ ಹತ್ತಿರ ಓರ್ಛಾ ಇದೆ, ಬೇತ್ವಾ ನದಿಯ ದಂಡೆ, ಬುತ್ತಿ ಉಣ್ಣಲು ಒಳ್ಳೆಯದು. ಅದಾದ ಮೇಲೆ ಹೆದ್ದಾರಿ 44ರ ನಿಜವಾದ ಸ್ವಭಾವ ಗೊತ್ತಾಗುತ್ತದೆ: ಉದ್ದ, ಅಗಲ, ಖಾಲಿ. ನಮ್ಮ ಮನೆಯವರು ಸೀಟಿ ಹೊಡೆಯುತ್ತಾ ಓಡಿಸಿದರು. ಹಿಂದೆ ನಾನು ಸಾಗರದಿಂದ ನರಸಿಂಹಪುರದವರೆಗೆ ಇದ್ದಬದ್ದ ಕಥೆಯೆಲ್ಲ ಮುಗಿಸಿ ಕೊನೆಗೆ ಗೋವಿನ ಹಾಡನ್ನು ಎರಡು ಸಲ ಹೇಳಿದೆ. ಮಕ್ಕಳನ್ನು ಇಳಿಸಲು ಕೈ ಬೀಸಿ ಕರೆಯುವಂಥ ಜಾಗವೇ ಇಲ್ಲ. ಇದ್ದರೂ ಹೆದ್ದಾರಿ ಬಿಟ್ಟು ಬಹಳ ಒಳಗೆ. ಸಿವನಿ ದಾಟಿದ ಮೇಲೆ ಪೇಂಚ್ ಕಾಡು. ಪ್ರಾಣಿಗಳು ಕೆಳಗೆ ದಾಟಲೆಂದು ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ, ಬೆಳಕು ಸದ್ದು ಕಾಡಿಗೆ ಹೋಗದಂತೆ ಪಕ್ಕಕ್ಕೆ ತಡೆ ಕಟ್ಟಿದ್ದಾರೆ. ಕೆಳಗೆ ಹುಲಿ ಹೋಗುತ್ತಿರಬಹುದು ಅಂದದ್ದೇ ತಡ, ಮಗಳು ಮುಂದಿನ ಅರ್ಧ ತಾಸು ಉಸಿರು ಬಿಗಿಹಿಡಿದು ಕೂತಳು. ನನಗೆ ಅದೇ ದೊಡ್ಡ ವಿರಾಮ.

ಮಕ್ಕಳ ಮಟ್ಟಿಗೆ ಈ ದಾರಿಯ ಒಳ್ಳೆಯ ನಿಲುಗಡೆ ನಿರ್ಮಲ್. ನಮ್ಮ ಕಿನ್ನಾಳದ ಹಾಗೆ ಮರದ ಗೊಂಬೆಗೆ ಹೆಸರಾದ ಊರು. ಕಿನ್ನಾಳದ ಗೊಂಬೆ ದೇವರ ಕಡೆ ಒಲಿದದ್ದು. ನಿರ್ಮಲ್‌ನವರು ಹಣ್ಣು, ಹಕ್ಕಿ, ಪ್ರಾಣಿ ಮಾಡುವುದರಲ್ಲಿ ಗಟ್ಟಿಗರು. ಒಂದು ಜಿಂಕೆ, ಒಂದು ಸೀತಾಫಲ ಕೊಂಡೆವು, ಮಗ ಸೀತಾಫಲ ಕಚ್ಚಿ ನೋಡಿದ. ಹೈದರಾಬಾದಿನೊಳಗೆ ಹೋಗಲಿಲ್ಲ. 158 ಕಿಲೋಮೀಟರಿನ ಹೊರ ವರ್ತುಲ ರಸ್ತೆಯಲ್ಲಿ ಸುತ್ತು ಹಾಕಿ ದಾಟಿದೆವು. ಅದರ ಮೇಲೆ ಬೇಕಾದಲ್ಲಿ ನಿಲ್ಲಿಸುವಂತಿಲ್ಲ, ಆದ್ದರಿಂದ ಹತ್ತುವ ಮುಂಚೆಯೇ ಎಲ್ಲರ ಒಂದಕ್ಕೆ ಎರಡಕ್ಕೆ ಮುಗಿಸಿ. ಮಹಬೂಬ್‌ನಗರದಲ್ಲಿ ಕೊನೆಯ ಮುಕ್ಕಾಂ, ಪಕ್ಕದಲ್ಲಿ ಪಿಲ್ಲಲಮರ್ರಿ ಅನ್ನುವ ಸುಮಾರು 700 ವರ್ಷದ ಆಲದ ಮರ. ಗೆದ್ದಲು ಹತ್ತಿದಾಗ ರೋಗಿಗೆ ಹಾಕಿದಂತೆ ಬಾಟಲಿ ತೂಗುಹಾಕಿ ಡ್ರಿಪ್‌ನಲ್ಲಿ ಔಷಧಿ ಕೊಟ್ಟ ಮರ ಅದು. ಮರಕ್ಕೂ ಸೂಜಿ ಚುಚ್ಚುತ್ತಾರೆ ಅಂತ ತಿಳಿದ ಮೇಲೆ ಮಗ ಅದರ ಹತ್ತಿರ ಹೋಗಲು ಒಪ್ಪಲಿಲ್ಲ.

ಸಣ್ಣ ನಿಲುಗಡೆ: ಬಂಕ್, ಧಾಬಾ, ಗುಡಿ, ಟೋಲ್

ಬಂಕ್ ಎಲ್ಲಕ್ಕಿಂತ ಹೆಚ್ಚು ಸಿಗುತ್ತದೆ, ಭರವಸೆ ಕಡಿಮೆ. ಎಣ್ಣೆ ಕಂಪನಿಯೇ ನಡೆಸುವ ದೊಡ್ಡ ಬಂಕುಗಳು ಪರವಾಗಿಲ್ಲ. ಇಳಿಯುವ ಮುಂಚೆ ಒಬ್ಬರು ಹೋಗಿ ಬೀಗ ನೋಡಿ ಬರುವುದು ಒಳ್ಳೆಯದು ಅನ್ನುವುದನ್ನು ನಾನು ಯಾಕೆ ಹೇಳುತ್ತೇನೆಂದು ನಿಮಗೆ ಗೊತ್ತು. ಧಾಬಾದ ಹಗ್ಗದ ಮಂಚ ಕೂಸಿಗೆ ಡಯಾಪರ್ ಬದಲಿಸಲು, ಅತ್ತೆಗೆ ಕಾಲು ಚಾಚಲು ಬಹಳ ಅನುಕೂಲ. ಆದರೆ ಲಾರಿ ಹಿಂದೆ ಮುಂದೆ ಆಗುವ ಅಂಗಳದಲ್ಲಿ ಮಕ್ಕಳನ್ನು ಕೈಬಿಡುವಂತಿಲ್ಲ. ಓಡಾಡಿಸಲು ಗುಡಿಯ ಅಂಗಳಕ್ಕೆ ಸಮ ಯಾವುದೂ ಇಲ್ಲ: ಗೋಡೆ ಇರುತ್ತದೆ, ನಳ ಇರುತ್ತದೆ, ಅತ್ತ ಕೂಸನ್ನು ಎತ್ತಿಕೊಳ್ಳಲು ಯಾರಾದರೊಬ್ಬ ಅಜ್ಜಿ ಇರುತ್ತಾಳೆ. ಟೋಲ್ ನಾಕಾದ ಶೌಚಾಲಯಗಳನ್ನು ನಾವು ಮೊದಲು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಪೂರ್ವದ ದಾರಿಯಲ್ಲಿ ನಮ್ಮನ್ನು ಕಾಪಾಡಿದ್ದು ಅವೇ. ಗಾಡಿ ಕೆಟ್ಟರೆ, ಅಪಘಾತವಾದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಬೇಕು, ಹಗಲು ರಾತ್ರಿ ನಡೆಯುತ್ತದೆ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ (ಶುರುವಾದಾಗ 3000 ರೂಪಾಯಿ ಇತ್ತು), ಒಂದು ವರ್ಷ ಅಥವಾ 200 ಸಲ. ಇಷ್ಟು ದೂರ ಹೋಗಿಬರುವವರು ತೆಗೆದುಕೊಂಡೇ ಹೊರಡಿ. ಆದರೆ ಯಮುನಾ ಎಕ್ಸ್‌ಪ್ರೆಸ್‌ವೇಗೆ ಅದು ನಡೆಯುವುದಿಲ್ಲ.

ರಾತ್ರಿ ಎಲ್ಲಿ?

ಊರ ನಡುವಿನ ಲಾಡ್ಜ್ ಅಗ್ಗ, ಊಟ ಹತ್ತಿರ, ಆದರೆ ಎರ್ಟಿಗಾ ನಿಲ್ಲಿಸಲು ಜಾಗವಿಲ್ಲ. ಬೈಪಾಸ್ ಮೇಲಿನ ಹೊಸ ಹೋಟೆಲುಗಳಲ್ಲಿ ಪಾರ್ಕಿಂಗ್ ಇದೆ, ರಾತ್ರಿಯಿಡೀ ಲಾರಿಯ ಹಾರ್ನೂ ಇದೆ. ಹಿಂದಿನ ಕಡೆಯ ಕೋಣೆ ಕೇಳಿ ಪಡೆಯಿರಿ. ನಾವು ಪಾಲಿಸಿದ ಒಂದು ನಿಯಮ: ಊರು ದಾಟಿ ಆಚೆ ತುದಿಯಲ್ಲಿ ಉಳಿಯುವುದು. ಹೇಗೂ ನಾಲ್ಕರೊಳಗೆ ತಲುಪುತ್ತೇವೆ, ಆಗ ದಾಟುವುದು ಸುಲಭ. ಬೆಳಿಗ್ಗೆ ಎದ್ದರೆ ನೇರ ಹೆದ್ದಾರಿ.

ಆ್ಯಪ್‌ನಲ್ಲಿ ಚಿತ್ರ ನೋಡಿ ಬುಕ್ ಮಾಡಿದರೂ ಫೋನ್ ಮಾಡಿ ಮೂರು ಪ್ರಶ್ನೆ ಕೇಳುತ್ತಿದ್ದೆ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ? ರಾತ್ರಿ ಹತ್ತಕ್ಕೆ ಹಾಲು ಕಾಸಿ ಕೊಡುವವರಿದ್ದಾರಾ? ಮಂಚದ ಹಾಸಿಗೆ ಕೆಳಗೆ ಇಳಿಸಬಹುದಾ? ಮೂರನೆಯದಕ್ಕೆ ಬಹಳ ಜನ ಗೊಂದಲಪಟ್ಟರು. ಹೊಸ ಜಾಗದಲ್ಲಿ ಮಕ್ಕಳು ನಿದ್ದೆಗಣ್ಣಲ್ಲಿ ಮಂಚದಿಂದ ಉರುಳುವುದು ಗ್ಯಾರಂಟಿ. ನಾವು ಹಾಸಿಗೆ ನೆಲಕ್ಕೆ ಹಾಕಿ, ಮನೆಯಿಂದ ತಂದ ಕೌದಿ ಮೇಲೆ ಹಾಸುತ್ತಿದ್ದೆವು. ಕೌದಿಯ ವಾಸನೆಗೆ ಮಗ ಐದು ನಿಮಿಷದಲ್ಲಿ ಮಲಗುತ್ತಿದ್ದ. ಡಿಕ್ಕಿಯಲ್ಲಿ ಜಾಗವಿಲ್ಲ ಎಂದು ಕೌದಿ ಬಿಟ್ಟು ಹೋಗಬೇಡಿ, ಬೇಕಾದರೆ ಒಂದು ಸೂಟ್‌ಕೇಸ್ ಬಿಡಿ.

ಬುತ್ತಿ

ಹೊರಗಿನ ಊಟವನ್ನು ದಿನಕ್ಕೆ ಒಂದೇ ಹೊತ್ತಿಗೆ ಇಟ್ಟುಕೊಂಡೆವು. ಉಳಿದದ್ದೆಲ್ಲ ಅತ್ತೆಯ ಗಂಟು: ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಂಟಿನುಂಡಿ, ಒಂದು ಡಬ್ಬಿ ಮಾದ್ಲಿ. ರೊಟ್ಟಿ ಮುರಿದು ಮೊಸರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಮಗನ ಊಟ ಮುಗಿಯಿತು, ಮೊಸರು ದೇಶದ ಯಾವ ಧಾಬಾದಲ್ಲೂ ಸಿಗುತ್ತದೆ. ಮಾದ್ಲಿಗೆ ಬಿಸಿ ಹಾಲು ಹಾಕಿದರೆ ಮಗಳದ್ದು. ಇಬ್ಬರಿಗೂ ದಿಲ್ಲಿಯವರೆಗೆ ಹೊಟ್ಟೆ ಕೆಡಲಿಲ್ಲ; ದಿಲ್ಲಿಯಲ್ಲಿ ತಂಗಿ ಪ್ರೀತಿಯಿಂದ ತರಿಸಿದ ಪಿಜ್ಜಾ ತಿಂದು ಕೆಟ್ಟಿತು. ಓಆರ್‌ಎಸ್ ಪೊಟ್ಟಣ ಇಟ್ಟುಕೊಂಡಿರಿ, ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು. ಲೋಟಕ್ಕೆ ಅಂದಾಜಿನಲ್ಲಿ ಸುರಿಯುವುದು ತಪ್ಪು.

ಹಾಗಾದರೆ ಯಾರಿಗೆ ಯಾವುದು?

ಮಕ್ಕಳು ಮೂರರಿಂದ ಎಂಟು ವರ್ಷದವರು, ಕೈಯಲ್ಲಿ ಏಳು ದಿನ ಇದೆ ಅಂದರೆ ಪಶ್ಚಿಮ. ಕೂಸು ತೀರ ಸಣ್ಣದು, ಕಾರಿನಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತದೆ, ಓಡಿಸುವವರು ಒಬ್ಬರೇ ಅಂದರೆ ಪೂರ್ವ; ಅಲ್ಲಿ ಕುಲುಕಾಟ ಕಡಿಮೆ, ಘಾಟಿನ ಕಾಟವಿಲ್ಲ. ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೂ ಅದೇ. ಬೇಸಿಗೆ ರಜೆಯಲ್ಲಿ ಎರಡೂ ಬೇಡ, ಅದರಲ್ಲೂ ಮೇ ತಿಂಗಳ ನಾಗಪುರ ದೊಡ್ಡವರಿಗೇ ಆಗುವುದಿಲ್ಲ. ಡಿಸೆಂಬರ್ ಕೊನೆ, ಜನವರಿಯಲ್ಲಿ ಗ್ವಾಲಿಯರ್ ಆಚೆ ಮಂಜು ಇಳಿದು ನಸುಕಿನ ಹೊರಡುವಿಕೆಯೇ ನಡೆಯುವುದಿಲ್ಲ. ಉಳಿದದ್ದು ದಸರಾ ಮತ್ತು ದೀಪಾವಳಿಯ ಆಸುಪಾಸು.

ಒಂದು ಉಪಾಯ ಹೇಳಲು ಮರೆತೆ. ಮಕ್ಕಳಿಗೆ ಕಿಲೋಮೀಟರ್ ಅರ್ಥವಾಗುವುದಿಲ್ಲ. ದಿನಾ ರಾತ್ರಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಮರುದಿನದ ನಿಲುಗಡೆಗಳನ್ನು ಚಿತ್ರ ಬರೆದು ಕೊಡುತ್ತಿದ್ದೆ: ಹೊಳೆ, ಗುಡಿ, ಆನೆ, ಹಾಸಿಗೆ. ಒಂದೊಂದು ದಾಟಿದ ಹಾಗೆ ಮಗಳು ಗೀಟು ಹಾಕುವುದು. "ಇನ್ನಾ ಎಷ್ಟ ದೂರ ಐತಿ" ಅನ್ನುವುದು ಎರಡನೆಯ ದಿನಕ್ಕೇ ನಿಂತಿತು. ಕೊನೆಯ ದಿನದ ಹಾಳೆಯಲ್ಲಿ ಮೂರೇ ಚಿತ್ರ ಇದ್ದವು. ಮೊದಲನೆಯದು ಕೃಷ್ಣಾ ದಾಟಿದೊಡನೆ ಕಾಣುವ ಶಕ್ತಿನಗರದ ಚಿಮಣಿ, ಅದನ್ನು ಎಣಿಸುವುದರಲ್ಲೇ ರಾಯಚೂರು ಬಂತು. ಎರಡನೆಯದು ಸಿಂಧನೂರಿನ ಒಗ್ಗರಣೆ ಮಿರ್ಚಿ. ಹದಿನೇಳು ದಿನದ ಮೇಲೆ ನಮ್ಮ ಕಡೆಯ ಮಂಡಕ್ಕಿ ಬಾಯಿಗೆ ಬಿದ್ದು ಅತ್ತೆ ಎರಡು ಪ್ಲೇಟ್ ತಿಂದರು, ಮಗ ಮಿರ್ಚಿಯ ಹಿಟ್ಟು ಮಾತ್ರ ಬಿಡಿಸಿಕೊಂಡು ತಿಂದ. ಮೂರನೆಯದು ನಮ್ಮ ಮನೆಯ ಬಾಗಿಲು. ಗಂಗಾವತಿ ದಾಟುವಷ್ಟರಲ್ಲೇ ಮಗಳು ಅದಕ್ಕೂ ಗೀಟು ಹಾಕಿ, ಹಾಳೆ ಮಡಚಿ ಅಪ್ಪನ ಜೇಬಿಗೆ ತುರುಕಿ ಮಲಗಿಬಿಟ್ಟಳು.